ಇಂದುಮತಿಯ ಜೋಮು

ನಮ್ಮೂರಿನಲ್ಲಿ ನನ್ನನ್ನು ಸೋಲಿಸಿದವರು ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳಿದರೂ ತಪ್ಪೇನಿಲ್ಲ, ಇದ್ದದ್ದು ಇದ್ದ ಹಾಗೆ. ಬೇರೆ ಊರಿನವರು ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರಂತೆ. ನಮ್ಮಲ್ಲಿ ಆಟ ಬಲ್ಲವನಿಗೆ ರೋಗವಿಲ್ಲ. ಗುಂಡಿ ಒತ್ತಿ ಆಡುವ ಕೈಪೆಟ್ಟಿಗೆ ಹಿಡಿದು ಇಬ್ಬರು ಎದುರುಬದುರು ಕೂತು ಆಡಿದರೆ ಗೆದ್ದವರ ಬೇನೆ ಸೋತವರಿಗೆ ದಾಟುತ್ತದೆ. ಬೆಳಿಗ್ಗೆ ನನಗೆ ಬಂದ ನೆಗಡಿ ಮಧ್ಯಾಹ್ನದೊಳಗೆ ಇನ್ಯಾರದೋ ಮೂಗಿನಲ್ಲಿರುತ್ತಿತ್ತು.

ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು, ನಮಗೆ ಉಪ್ಪು ಖಾರದಷ್ಟು ಸಹಜ. ಪರೀಕ್ಷೆಯ ತಿಂಗಳು ಬಂತೆಂದರೆ ಮಕ್ಕಳು ಗಟ್ಟಿಮುಟ್ಟಾಗಿ ಕೂತು ಓದುತ್ತಾರೆ, ಅಪ್ಪಂದಿರು ಕಟ್ಟೆಯ ಮೇಲೆ ಕಂಬಳಿ ಹೊದ್ದು ಸೀನುತ್ತಾರೆ. ಮದುಮಗಳ ಮೊಡವೆ ಮದುವೆಯ ದಿನ ಸೋದರಮಾವನ ಕೆನ್ನೆಯ ಮೇಲಿರುತ್ತದೆ. ಡಾಕ್ಟರ ಹತ್ತಿರ ಹೋದರೆ ಅವರ ಮೊದಲ ಪ್ರಶ್ನೆ, "ಇದು ನಿಮ್ಮದೇ ಏನ್ರಿ, ಸೋತು ತಂದದ್ದೋ?" ಯಾರಾದರೂ ಕೈಮುಗಿದು ಒಂದು ಆಟ ಎಂದರೆ ಒಲ್ಲೆ ಎನ್ನುವಂತಿಲ್ಲ, ಬಾಯಾರಿ ಬಂದವರಿಗೆ ನೀರಿಲ್ಲ ಎಂದ ಹಾಗಾಗುತ್ತದೆ. ಆದರೆ ನೆಗಡಿ ಕೆಮ್ಮು ಯಾರಿಗೆ ಬೇಕಾದರೂ ದಾಟುತ್ತವೆ, ದೊಡ್ಡ ಕಾಯಿಲೆ ಮಾತ್ರ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ದಾಟಬೇಕು. ಅದಕ್ಕೆ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ತನಕ ಒಂದೇ ಆಟ. ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಬೇಕೆಂದು ಸೋಲಬಾರದು. ಬೇಕೆಂದು ಸೋತರೆ ಬೇನೆ ಇದ್ದಲ್ಲೇ ಇರುತ್ತದೆ. ಅಂಥದ್ದಕ್ಕೆ ಹುಸಿ ಆಟ ಎನ್ನುತ್ತೇವೆ. ಹುಸಿ ಆಡಿದವರನ್ನು ಊರು ಬಹಳ ದಿನ ಆಡಿಕೊಳ್ಳುತ್ತದೆ.

ನನ್ನದು ಖಾನಾವಳಿ. ಸೂರ್ಯ ಏರುವ ಮೊದಲೇ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತರೆ ಮಧ್ಯಾಹ್ನದ ಪಂಕ್ತಿ ಮುಗಿಯುವ ತನಕ ಏಳುವುದಿಲ್ಲ. ಆ ಕೈ ಕೈಪೆಟ್ಟಿಗೆಗೆ ಬಂದಾಗ ಅದಕ್ಕೆ ದಣಿವೆಂಬುದು ಗೊತ್ತಿರುತ್ತಿರಲಿಲ್ಲ. ಪೆಟ್ಟಿಗೆಯ ನಡುವೆ ಗಾಜು, ಎಡಕ್ಕೆ ನಡೆಸುವ ಗುಂಡಿ, ಬಲಕ್ಕೆ ಹೊಡೆಯುವ ಗುಂಡಿಗಳು. ಎರಡು ಪೆಟ್ಟಿಗೆಗೆ ಒಂದು ತಂತಿ ಹಾಕಿದರೆ ಎರಡರ ಗಾಜಿನಲ್ಲೂ ಒಂದೇ ಕಣ. ಕಣಕ್ಕೆ ಇಳಿಯುವ ಆಳುಗಳಿಗೆ ನಮ್ಮೂರಿನವರೇ ಹೆಸರಿಟ್ಟಿದ್ದಾರೆ. ನನ್ನವನು ಬೋಳ. ದಪ್ಪ ಹೊಟ್ಟೆ, ಗಿಡ್ಡ ಕಾಲು, ನೋಡಿದರೆ ನಗು ಬರಬೇಕು. ಅವನಿಗೆ ದೂರದಿಂದ ಹೊಡೆಯಲು ಬರುವುದಿಲ್ಲ. ಪೆಟ್ಟು ತಿನ್ನುತ್ತಾ ತಿನ್ನುತ್ತಾ ಹತ್ತಿರ ಹೋಗಬೇಕು, ಹಿಡಿಯಬೇಕು, ಎತ್ತಿ ಒಗೆಯಬೇಕು. ಅವನು ಹಿಡಿದ ಕ್ಷಣಕ್ಕೇ ಎದುರಿನವರೂ ಹಿಡಿಯುವ ಗುಂಡಿ ಒತ್ತಿದರೆ ಮಾತ್ರ ಬಿಡಿಸಿಕೊಳ್ಳಬಹುದು. ಕಣ್ಣೆವೆ ಬಡಿಯುವಷ್ಟರಲ್ಲಿ ಅದು ಮುಗಿದಿರುತ್ತದೆ, ಹಾಗಾಗಿ ನನ್ನ ಬೋಳನ ಕೈಯಿಂದ ಯಾರೂ ಬಿಡಿಸಿಕೊಂಡಿರಲಿಲ್ಲ.

ನನ್ನ ತಂಗಿ ಇಂದುಮತಿಗೆ ಎರಡೂ ಕೈ ಜೋಮು ಹಿಡಿದದ್ದು ಅವಳು ಬಸುರಿಯಾಗಿ ಐದು ತಿಂಗಳು ತುಂಬಿದಾಗ. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ನಡುವಿನದು. ಬೆರಳು ಆಡುತ್ತಿದ್ದವು, ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದು ಬೊಬ್ಬೆ ಬಂದ ಮೇಲೆ ಬೊಬ್ಬೆ ನೋಡಿ ತಿಳಿದುಕೊಳ್ಳುತ್ತಿದ್ದಳು. ಡಾಕ್ಟರು ಎಲ್ಲ ನೋಡಿ, ಇದಕ್ಕೆ ಔಷಧಿ ಇಲ್ಲ, ಇದು ಹೆಬ್ಬೆರಳ ತನಕ ಹೋಗುತ್ತದೆ, ಅಲ್ಲಿಗೆ ನಿಲ್ಲುತ್ತದೆ ಎಂದರು. ಅವಳ ಗಂಡ ಶಿವಪುತ್ರ ಕಂಬ ಹತ್ತಿ ಲೈಟಿನ ತಂತಿ ಎಳೆಯುವವನು, ಮಿಂಚಿಗೆ ಹೆದರದವನು, ನನ್ನ ಅಡುಗೆಮನೆಯ ಬಾಗಿಲಲ್ಲಿ ಕೂತು ಗೊಳೋ ಎಂದು ಅತ್ತ.

"ನಾ ತಗೋತಿದ್ದೆ ಅಕ್ಕಾರ. ನಂದು ಅಕೀದು ರಕ್ತ ಬ್ಯಾರೆ ಆತು. ಏನ್ ಮಾಡ್ಲಿ?"

"ನಾ ಸತ್ತೀನೇನು? ಏಳು, ಮೂಗು ಒರಸ್ಕೋ," ಎಂದೆ. ನಮ್ಮ ಅಪ್ಪ ಅವ್ವ ಹೋಗಿ ಬಹಳ ಕಾಲವಾಗಿತ್ತು. ಆ ಹೊಟ್ಟೆಯಲ್ಲಿ ಹುಟ್ಟಿದವರು ನಾವಿಬ್ಬರೇ.

ಇಂದುಮತಿ ಮಾತ್ರ ಅಳಲಿಲ್ಲ. ಕಡೆಗೆ ಒಮ್ಮೆ ಎಲೆಯಡಿಕೆ ಮಡಚುತ್ತಾ ಹೇಳಿದಳು. "ರೊಟ್ಟಿ ಬಡಿಯೂದು ಬಿಟ್ರ ನಡೀತೈತಿ, ಪಾತ್ರಿ ತಿಕ್ಕೂದು ಬಿಟ್ರ ನಡೀತೈತಿ. ಕೂಸಿನ ಮೈ ಮುಟ್ಟಿದ್ದು ನನಗ ತಿಳೀಲಿಲ್ಲ ಅಂದ್ರ ಹೆಂಗ ಅಕ್ಕಾ?"

ಆ ಮಾತು ಕೇಳಿ ಅದೇ ದಿನ ಊರಿಗೆಲ್ಲ ಹೇಳಿಬಿಟ್ಟೆ, ತಂಗಿಯ ಜೋಮು ನಾನು ತಗೊಳ್ಳುತ್ತೇನೆ ಎಂದು. ಹೇಳದೆ ಇರಬಹುದಿತ್ತು. ಆದರೆ ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಪಂಕ್ತಿಗೆ ಬಂದವರು ಊಟ ಬಿಟ್ಟು ನನ್ನ ಮುಖ ನೋಡಿದರು. ಓಣಿಯ ಹೆಣ್ಣುಮಕ್ಕಳು ಬಂದು ಉಡಿ ತುಂಬಿದರು. "ಕೈಯಾಗ ಅನ್ನ ಐತಿ ನಿನಗ, ಆ ಕೈನ ಕೊಡಾಕ ಹೊಂಟೀಯಲ್ಲ ದ್ರಾಕ್ಷಾಯಣಕ್ಕ, ನೀ ಅಕ್ಕ ಅಲ್ಲ, ದೇವರು," ಎಂದಳು ಒಬ್ಬಳು. ಬೇಡ ಬೇಡ ಎಂದೆ, ಹೇಳಲಿ ಬಿಡು ಎಂದೂ ಅನ್ನಿಸಿತು. ಯಾರಿಗೆ ಅನ್ನಿಸುವುದಿಲ್ಲ?

ಆಟ ನಡೆಸುವವರು ಫಕೀರಪ್ಪ ಕಾಕಾ. ಅವರ ಹತ್ತಿರ ಒಂದು ಸೂಜಿ ಇರುತ್ತದೆ. ಬೇನೆ ದಾಟಿತೋ ಇಲ್ಲವೋ ಎಂದು ನೋಡಲು ಅವರು ಜ್ವರದವರ ಹಣೆ ಮುಟ್ಟುತ್ತಾರೆ, ಕೆಮ್ಮಿನವರ ಎದೆಗೆ ಕಿವಿ ಇಡುತ್ತಾರೆ, ಜೋಮಿನವರಿಗೆ ಸೂಜಿ. ಸಂತೆಯ ದಿನ, ಸಂತೆಕಟ್ಟೆಯ ಮೇಲೆ, ಎಲ್ಲರೂ ಇರುವಾಗ ಆಡೋಣ ಎಂದು ನಾನೇ ಗೊತ್ತು ಮಾಡಿದೆ. ಹಸಿರು ಇಳಕಲ್ ಸೀರೆ ಉಟ್ಟು ಹೋದೆ. ಬದನೆಕಾಯಿ ಮಾರುವವರು ತಕ್ಕಡಿ ಕೆಳಗಿಟ್ಟು ಬಂದು ನಿಂತರು.

ಇಂದುವಿನ ಆಳು ಜಡೆಯವಳು. ಉದ್ದ ಜಡೆ ಬೀಸಿ ದೂರದಿಂದಲೇ ಹೊಡೆಯುತ್ತಾಳೆ. ಎರಡು ಸುತ್ತು ಗೆದ್ದವರದೇ ಆಟ. ಮೊದಲ ಸುತ್ತು ನನ್ನದಾಯಿತು, ಎರಡನೆಯದು ಇಂದು ಕಷ್ಟಪಟ್ಟು ಗೆದ್ದಳು. ಆಗಿನ್ನೂ ಅವಳ ಹೆಬ್ಬೆರಳು ತೋರುಬೆರಳು ನೆಟ್ಟಗಿದ್ದವು. ಮೂರನೆಯ ಸುತ್ತಿನಲ್ಲಿ ಬೋಳ ಪೆಟ್ಟು ತಿನ್ನುತ್ತಾ ಜಡೆಯವಳನ್ನು ಮೂಲೆಗೆ ಒತ್ತಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಆಗ ಕಟ್ಟೆಯ ಸುತ್ತ ನಿಂತವರು ಉಸಿರು ಹಿಡಿದದ್ದು ಕೇಳಿಸಿತು. ಈಗ ನಾನು ಸೋತರೆ ಇವರೆಲ್ಲ ನನ್ನನ್ನು ಎಷ್ಟು ಹೊಗಳುತ್ತಾರೆ ಎಂಬುದು ಕಣ್ಣ ಮುಂದೆ ಬಂತು. ಹೆಬ್ಬೆರಳು ಒಂದಿಷ್ಟು ತಡವಾಯಿತು. ಜಡೆ ಬೀಸಿತು, ಬೋಳ ಬಿದ್ದ, ಜನ ಹೋ ಎಂದರು. ನನ್ನ ಕಣ್ಣಲ್ಲಿ ಆಗಲೇ ನೀರಿತ್ತು.

ಫಕೀರಪ್ಪ ಕಾಕಾ ಸೂಜಿ ತೆಗೆದು ಇಂದುವಿನ ಕಿರುಬೆರಳಿಗೆ ಚುಚ್ಚಿದರು. "ಗೊತ್ತಾತೇನವ್ವಾ?"

"ಇಲ್ಲ ಕಾಕಾ."

ನಡುಬೆರಳಿಗೆ ಚುಚ್ಚಿದರು. ರಕ್ತದ ಹನಿ ಬಂತು. ಇಂದು ಆ ಹನಿಯನ್ನೇ ನೋಡುತ್ತಾ ತಲೆಯಾಡಿಸಿದಳು. ಕಾಕಾ ನನ್ನ ಕಡೆ ತಿರುಗಲೂ ಇಲ್ಲ. "ಹುಸಿ," ಎಂದರು. ಸಂತೆಯ ಜನ ಒಬ್ಬೊಬ್ಬರಾಗಿ ತಕ್ಕಡಿಗಳ ಹತ್ತಿರ ಹೋದರು. ಆ ಇಳಕಲ್ ಸೀರೆಯನ್ನು ಅಲ್ಲೇ ಸುಟ್ಟುಬಿಡಬೇಕು ಎನ್ನಿಸುವಷ್ಟು ನಾಚಿಕೆಯಾಯಿತು.

ಮುಂದಿನ ಅಮಾವಾಸ್ಯೆಗೆ ಇನ್ನೂ ಪೂರಾ ತಿಂಗಳಿತ್ತು. ಜೋಮು ತಿಂಗಳು ಕಾಯುತ್ತದೆಯೇ? ವಾರದೊಳಗೆ ಎರಡೂ ತೋರುಬೆರಳು ಹೋದವು. ಆಮೇಲೆ ಎಡಗೈ ಹೆಬ್ಬೆರಳು. ಉಳಿದದ್ದು ಬಲಗೈ ಹೆಬ್ಬೆರಳು ಒಂದೇ, ಅದೂ ಹೋದರೆ ಅವಳು ಯಾರನ್ನೂ ಎಂದೂ ಗೆಲ್ಲಲಾರಳು, ಜೋಮು ಅವಳ ಕೈಯಲ್ಲೇ ಮನೆ ಮಾಡುತ್ತದೆ. ಶಿವಪುತ್ರ ನನ್ನೊಡನೆ ಮಾತು ಬಿಟ್ಟ. ಖಾನಾವಳಿಗೆ ಬರುವವರು ಉಂಡು, ಕೈ ತೊಳೆದು, ಸುಮ್ಮನೆ ಹೋಗುತ್ತಿದ್ದರು. ದೇವರು ಎಂದವಳು ಮಾತ್ರ ಒಮ್ಮೆ, "ನಿನಗ ಸೋಲಾಕ ಬರಂಗಿಲ್ಲ ಬಿಡಕ್ಕ, ಅದೂ ಒಂದು ವಿದ್ಯೆ," ಎಂದು ಹೇಳಿ ಮಜ್ಜಿಗೆ ಕುಡಿದು ಹೋದಳು. ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಬೇಕಿತ್ತು, ಹಾಕಲಿಲ್ಲ.

ಇಂದುಮತಿ ದಿನವೂ ಬಂದು ನನ್ನ ಅಡುಗೆಮನೆಯಲ್ಲಿ ಕೂರತೊಡಗಿದಳು. ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ. ಮನೆಯಲ್ಲಿ ಒಲೆ ಹಚ್ಚಲು ಆಗುವುದಿಲ್ಲ, ಉಣ್ಣಲು ಬಂದಿದ್ದಾಳೆ ಎಂದುಕೊಂಡೆ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಮಾತಿಲ್ಲದೆ ಕೂತಿರುತ್ತಿದ್ದಳು. ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟರೆ ತಿನ್ನುತ್ತಿದ್ದಳು. ನನಗೆ ಒಳಗೊಳಗೆ ಭಯ. ಬೋಳನನ್ನು ಬಿಟ್ಟು ಬೇರೆ ಆಳು ಹಿಡಿಯಲೇ ಎಂದು ಕೇಳಿದೆ.

"ಅದೂ ಹುಸೀನ ಆಗ್ತೈತಿ. ಬೋಳನ್ನ ಹಿಡಿ. ಹೆಂಗ ಆಡ್ತಿ ಹಂಗ ಆಡು," ಎಂದಳು ಕಣ್ಣು ತೆರೆಯದೆ.

"ನಾ ಖರೇ ಆಡಿದ್ರ ನೀ ಗೆಲ್ಲಂಗಿಲ್ಲಲ್ಲೇ ಹುಚ್ಚಿ! ಒಂದು ಬೆರಳಿಂದ ಏನ್ ಆಡ್ತಿ?"

"ಅದು ನನ್ನ ಚಿಂತಿ."

ಇದೇ ನನ್ನನ್ನು ತಿನ್ನುತ್ತಿತ್ತು. ನಾನು ನಿಜವಾಗಿ ಆಡಿದರೆ ಅವಳು ಸೋಲುತ್ತಾಳೆ. ಕನಿಕರಪಟ್ಟು ಆಡಿದರೆ ಬೇನೆ ಕದಲುವುದಿಲ್ಲ. ಕನಿಕರ ಪಡದೆ ತಂಗಿಯ ಎದುರು ಕೂರುವುದು ಹೇಗೆ? ಗೆಲ್ಲಬೇಕು ಎಂಬ ಆಸೆಯನ್ನು ಅಂಗಡಿಯಿಂದ ತರಲು ಆಗುತ್ತದೆಯೇ? ರೊಟ್ಟಿ ಬಡಿಯುವಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಗೆಲ್ಲಬೇಕು, ಗೆಲ್ಲಬೇಕು. ಅವಳ ಹೊಟ್ಟೆ ಕಂಡ ಕೂಡಲೇ ಅದು ಹಿಟ್ಟಿನ ಹಾಗೆ ಉದುರಿಹೋಗುತ್ತಿತ್ತು.

ಅಮಾವಾಸ್ಯೆ ಕಳೆಯಿತು. ಊರಿಗೆ ಹಿಂದಿನದನ್ನು ಮರೆಸಬೇಕೆಂದು ನಾನು ಮತ್ತೆ ಕಟ್ಟೆಯ ಮಾತು ತೆಗೆದೆ. ಕಟ್ಟೆ ಬೇಡ, ಅಡುಗೆಮನೆ ಸಾಕು, ಫಕೀರಪ್ಪ ಕಾಕಾ ಒಬ್ಬರಿದ್ದರೆ ಸಾಕು ಎಂದಳು ಇಂದು. ನನಗೆ ಪಿಚ್ಚೆನಿಸಿತು, ಆದರೂ ಹೂಂ ಎಂದೆ. ಮರುದಿನ ಬೆಳಿಗ್ಗೆ ಹಿಟ್ಟು ನಾದಿಟ್ಟು, ಒಲೆಯ ಉರಿ ತಗ್ಗಿಸಿ, ಕೈ ತೊಳೆದು ಕೂತೆ. ಕಾಕಾ ಮಣೆಯ ಮೇಲೆ ಕೂತರು. ಶಿವಪುತ್ರ ಬಾಗಿಲ ಹೊರಗೆ ನಿಂತಿದ್ದ, ಅವನ ನೆರಳು ಮಾತ್ರ ಒಳಗಿತ್ತು.

ಇಂದು ಗೋಡೆಗೆ ಒರಗಿ ಪೆಟ್ಟಿಗೆಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಎಡಗೈ ಹೆಬ್ಬೆರಳಿಗೆ ಗುಂಡಿ ತಿಳಿಯುವುದಿಲ್ಲವಲ್ಲ, ಒತ್ತಿದಾಗ ಪೆಟ್ಟಿಗೆ ಯಾವ ಕಡೆ ವಾಲುತ್ತದೆ ಎಂಬುದು ಹೊಟ್ಟೆಗೆ ತಿಳಿಯುತ್ತದೆ. ಅದನ್ನು ಯಾವಾಗ ಕಲಿತಳೋ ದೇವರೇ ಬಲ್ಲ. ಆ ಬಲಗೈ ಹೆಬ್ಬೆರಳನ್ನು ಮಡಚಿ ಬಿಡಿಸಿ ನೋಡಿಕೊಂಡಳು. "ತುದಿಯಾಗ ಜುಮ್ ಅನ್ನಾಕತ್ತೈತಿ ಕಾಕಾ. ಇದ ಕಡೀ ಆಟ," ಎಂದಳು. ನನಗೆ ಕಣ್ಣು ತುಂಬಿ ಬಂತು.

"ನೋಡ್ರಿ ಕಾಕಾ, ಮತ್ತ ಶುರು ಮಾಡಿದ್ಲು," ಎಂದಳು ಇಂದು. ದನಿ ತಣ್ಣಗಿತ್ತು. "ಅಕ್ಕಾ, ಈ ಅಳು ಯಾರಿಗೆ ತೋರಿಸಾಕ? ಇಲ್ಲಿ ಸಂತಿ ಇಲ್ಲ."

"ಏನಂದಿ?"

"ನನ್ನ ಬೆರಳಿನ ಮ್ಯಾಲೆ ನಿನ್ನ ಹೆಸರು ಬರಕೊಳ್ಳಾಕ ಬಂದೀ ನೀ. ಜೋಮು ಬಂದ ದಿನ ನನಗ ಹೆಂಗನಸ್ತು ಅಂತ ಕೇಳಿದೇನು? ಕೇಳಲಿಲ್ಲ. ಊರಿಗೆ ಡಂಗುರ ಸಾರಿದಿ. ಉಡಿ ತುಂಬಿಸ್ಕೊಂಡಿ. ಇಳಕಲ್ ಸೀರಿ ಉಟ್ಟಿ. ನಾ ಸತ್ತಿದ್ರೂ ಚೊಲೋ ಸೀರಿ ಉಟ್ಕೊಂಡು ಬರಾಕಿ ನೀ. ನಿನಗ ತಂಗಿ ಬೇಕಾಗಿಲ್ಲ, ತಂಗಿ ಸಲುವಾಗಿ ಅಳೂದು ನೋಡಾಕ ಮಂದಿ ಬೇಕು."

ಮೈಯೆಲ್ಲ ಉರಿದುಹೋಯಿತು. ಕಾಕಾ ತಂತಿ ಸಿಕ್ಕಿಸಿದರು. ಗಾಜು ಬೆಳಗಿತು.

ಮೊದಲ ಸುತ್ತಿನಲ್ಲಿ ನಾನು ಅವಳನ್ನು ನೆಲಕ್ಕೆ ಅಪ್ಪಳಿಸಿದೆ. ಏಳಲು ಬಿಡದೆ ಮತ್ತೆ ಎತ್ತಿದೆ, ಮತ್ತೆ ಒಗೆದೆ. ಹತ್ತಿಪ್ಪತ್ತು ಉಸಿರಿನೊಳಗೆ ಸುತ್ತು ಮುಗಿಯಿತು. ಬಾಗಿಲ ನೆರಳು ಅಲುಗಾಡಿತು. ನನಗೆ ಯಾರ ನೆರಳೂ ಬೇಕಿರಲಿಲ್ಲ. ಇವಳಿಗೆ ನಾನು ತುತ್ತು ಮಾಡಿ ಉಣಿಸಿದೆ, ಇವಳು ನನಗೆ ಹೀಗೆ ಅಂದಳು. ತಲೆಯಲ್ಲಿ ಇಷ್ಟೇ ಇತ್ತು. ಜೋಮು ಇರಲಿಲ್ಲ, ಕೂಸು ಇರಲಿಲ್ಲ. ಇವಳನ್ನು ಕೆಡವಬೇಕು, ಕೆಡವಿ ಮೇಲೆ ನಿಲ್ಲಬೇಕು.

ಎರಡನೆಯ ಸುತ್ತಿನಲ್ಲಿ ಇಂದು ಕಣ್ಣು ಮುಚ್ಚಿದಳು. ಗಾಜು ನೋಡುವುದನ್ನೇ ಬಿಟ್ಟು ತಲೆ ಒಂದು ಕಡೆ ವಾಲಿಸಿ ಕೂತಳು. ಬೋಳ ಹತ್ತಿರ ಹೋಗಿ ಹಿಡಿದ. ಅದೇ ಕ್ಷಣಕ್ಕೆ ಜಡೆಯವಳು ಕೈ ಕೊಡವಿ ಬಿಡಿಸಿಕೊಂಡಳು. ಅಕಸ್ಮಾತ್ತು ಎಂದುಕೊಂಡೆ. ಮತ್ತೆ ಹಿಡಿದೆ, ಮತ್ತೆ ಬಿಡಿಸಿಕೊಂಡಳು. ಬಿಡಿಸಿಕೊಂಡಾಗಲೆಲ್ಲ ಒಂದು ಜಡೆಯ ಏಟು. ಇಷ್ಟು ವರ್ಷದಲ್ಲಿ ನನ್ನ ಹಿಡಿತ ಯಾರಿಗೂ ಸಡಿಲಾಗಿರಲಿಲ್ಲ, ಈಗ ಗೋಡೆಗೆ ಒರಗಿದ ಬಸುರಿ ಕಣ್ಣು ಮುಚ್ಚಿಕೊಂಡು ಬಿಡಿಸಿಕೊಳ್ಳುತ್ತಿದ್ದಾಳೆ! ಬೆವರಿನಿಂದ ಪೆಟ್ಟಿಗೆ ಜಾರತೊಡಗಿತು. ಸುತ್ತು ಅವಳದಾಯಿತು.

ಮೂರನೆಯದರಲ್ಲಿ ನಾನು ಹಿಡಿಯುವುದನ್ನು ಬಿಟ್ಟು ಗುದ್ದಿದೆ, ಒದ್ದೆ. ಅವಳ ಎಡಗೈ ತಪ್ಪುತ್ತಿತ್ತು, ಜಡೆಯವಳು ಮುಂದೆ ಹೋಗಬೇಕಾದಲ್ಲಿ ಹಿಂದೆ ಬಂದು ಪೆಟ್ಟು ತಿಂದಳು. ಆಳುಗಳ ಜೀವ ಎಷ್ಟು ಉಳಿದಿದೆ ಎಂದು ಗಾಜಿನ ಮೇಲೆ ತೋರಿಸುವ ಇಬ್ಬರ ಉಸಿರಿನ ಪಟ್ಟಿಯೂ ಕೆಂಪಾಗಿ ಚೂರೇ ಚೂರು ಉಳಿಯಿತು. ಕಾಕಾ ಮಣೆಯಿಂದ ಎದ್ದು ನಿಂತಿದ್ದರು. ಒಲೆಯ ಮೇಲೆ ಬರಿ ಹಂಚು ಕಾದು ಹೊಗೆಯಾಡುತ್ತಿತ್ತು, ಯಾರೂ ಅದನ್ನು ಇಳಿಸಲಿಲ್ಲ. ಜಡೆಯವಳು ಮೂಲೆಗೆ ಸಿಕ್ಕಳು. ಸಂತೆಯ ದಿನದ ಅದೇ ಮೂಲೆ, ಅದೇ ಅಂತರ. ಈ ಸಲ ನಾನು ಯಾರನ್ನೂ ನೆನೆಯಲಿಲ್ಲ. ಬೋಳನೇ ನನ್ನ ಕೈ. ಹಲ್ಲು ಕಚ್ಚಿ ಹಿಡಿದೆ, ನನ್ನ ಜೀವದ ಸಿಟ್ಟೆಲ್ಲ ಹಾಕಿ ಹಿಡಿದೆ.

ಅವಳು ಬಿಡಿಸಿಕೊಂಡಳು. ಜಡೆ ಬೀಸಿತು. ಬೋಳ ಮಲಗಿದ.

"ಇಲ್ಲ!" ಎಂದು ಕಿರುಚಿದವಳು ನಾನೇ. ನನ್ನ ಬದುಕಿನಲ್ಲಿ ಸೋಲಿಗೆ ಅಷ್ಟು ಹೊಟ್ಟೆ ಉರಿದದ್ದು ಅದೊಂದೇ ಸಲ. ಪೆಟ್ಟಿಗೆಯನ್ನು ಒಲೆಗೆ ಎಸೆಯಲು ಕೈ ಎತ್ತಿದೆ. ಆಗ ಪೆಟ್ಟಿಗೆ ಕೈಯಲ್ಲಿ ಇದೆಯೋ ಬಿದ್ದಿದೆಯೋ ತಿಳಿಯಲಿಲ್ಲ. ನೋಡಿದರೆ ಇತ್ತು.

ಕಾಕಾ ಇಂದುವಿನ ಬೆರಳಿಗೆ ಸೂಜಿ ಇನ್ನೂ ಪೂರ್ತಿ ಮುಟ್ಟಿಸಿರಲಿಲ್ಲ, "ಹಾಯ್ ಕಾಕಾ!" ಎಂದು ಕೈ ಹಿಂದೆಳೆದುಕೊಂಡಳು. ಮತ್ತೆ ತಾನೇ ಕೈ ಚಾಚಿ, "ಇನ್ನೊಮ್ಮೆ ಚುಚ್ಚರಿ," ಎಂದಳು. ಚುಚ್ಚಿದರು. ಆಗ ಅತ್ತಳು, ಆ ಎಲ್ಲ ತಿಂಗಳ ಅಳು ಒಟ್ಟಿಗೇ ಬಂತು. ಶಿವಪುತ್ರ ಒಳಗೆ ಬಂದು ನನ್ನ ಕಾಲಿಗೆ ಬಿದ್ದ. ಕಾಕಾ ನನ್ನ ಬೆರಳುಗಳನ್ನು ಒಂದೊಂದಾಗಿ ಚುಚ್ಚಿದರು. ನಾನು ರಕ್ತದ ಹನಿಗಳನ್ನು ನೋಡುತ್ತಾ ಕೂತೆ, ಯಾರದೋ ಕೈ ನೋಡಿದ ಹಾಗೆ.

ಅವಳು ಹೇಗೆ ಬಿಡಿಸಿಕೊಂಡಳು ಎಂಬುದನ್ನು ಆಮೇಲೆ ಹೇಳಿದಳು. ರೊಟ್ಟಿಯನ್ನು ಮಣೆಯಿಂದ ಎತ್ತಿ ಹಂಚಿಗೆ ಹಾಕುವ ಮೊದಲು ನನ್ನ ಕೈ ಒಂದು ಕ್ಷಣ ನಿಲ್ಲುತ್ತದಂತೆ, ಹರಿಯದಿರಲಿ ಎಂದು. ಬಡಿತ ನಿಂತಿತು ಎಂದರೆ ಮುಂದಿನದು ಎತ್ತುವುದು. ಬೋಳ ಹಿಡಿಯುವ ಮೊದಲೂ ನನ್ನ ಗುಂಡಿಗಳ ಸದ್ದು ಹಾಗೇ ನಿಲ್ಲುತ್ತದಂತೆ. ತಿಂಗಳಿಡೀ ಗೋಡೆಗೆ ಒರಗಿ ಅವಳು ಕಲಿತದ್ದು ಅದನ್ನೇ. ನಾನೋ, ಉಣ್ಣಲು ಬಂದಿದ್ದಾಳೆ ಎಂದುಕೊಂಡಿದ್ದೆ.

ಈಗ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು ಇಂದುಮತಿ. ನನ್ನಷ್ಟು ತೆಳ್ಳಗೆ ಬರುವುದಿಲ್ಲ, ಆ ಮಾತು ಬೇರೆ. ನಾನು ಬಡಿಸುತ್ತೇನೆ, ಕಣ್ಣಿಂದ ನೋಡಿ ಹಿಡಿಯುತ್ತೇನೆ. ನೆಗಡಿ ಬಂದರೆ ನೆಗಡಿಯನ್ನು ನಾನೇ ಅನುಭವಿಸುತ್ತೇನೆ. ಊರಿನವರು ಮತ್ತೆ ದೇವರಂಥ ಅಕ್ಕ ಎನ್ನತೊಡಗಿದ್ದಾರೆ. ಹಿಂದಿನಷ್ಟು ರುಚಿಸುವುದಿಲ್ಲ. ಇಲ್ಲ, ರುಚಿಸುತ್ತದೆ, ಆದರೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ಆಮೇಲೆ ನಗುತ್ತೇನೆ.

ಕೂಸು ಹುಟ್ಟಿ ಮೂರು ತಿಂಗಳಾದ ಮೇಲೆ, ಪಂಕ್ತಿ ಮುಗಿದ ಒಂದು ಮಧ್ಯಾಹ್ನ ಕಡೆಗೂ ಕೇಳಿದೆ. "ಇಂದೂ, ಅವತ್ತು ನೀ ಅಂದದ್ದು ನನಗ ಸಿಟ್ಟು ಬರಲಿ ಅಂತ ಅಲ್ಲೇನು?"

"ಹೌದು."

"ಹಂಗಾರ ಸುಳ್ಳ ಅಂದದ್ದು."

ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಸುಳ್ಳ ಅಂದಿದ್ರ ನೀ ನಗತಿದ್ದಿ ಅಕ್ಕಾ. ಸಿಟ್ಟು ಬರತಿರಲಿಲ್ಲ."

ನಾನು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟೆ. ತೊಟ್ಟಿಲಲ್ಲಿ ಕೂಸು ಎದ್ದು ರಾಗ ತೆಗೆಯಿತು. ಇಂದುವಿನ ಕೈಗಳೆರಡೂ ಹಿಟ್ಟಿನಲ್ಲಿದ್ದವು.

"ಅಕ್ಕಾ, ಕಾಲು ತಣ್ಣಗ ಆಗ್ಯಾವೇನು ಮುಟ್ಟಿ ನೋಡು," ಎಂದಳು. ಅಂದ ಮೇಲೆ ನೆನಪಾಗಿ ತುಟಿ ಕಚ್ಚಿಕೊಂಡಳು.

ನಾನು ತೊಟ್ಟಿಲಿಗೆ ಬಾಗಿ ಕೂಸಿನ ಅಂಗಾಲನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ. ನೋಡಲು ಅಲ್ಲಿ ಯಾರೂ ಇರಲಿಲ್ಲ, ಇಂದು ಒಲೆಯ ಕಡೆ ತಿರುಗಿದ್ದಳು.

"ಇಲ್ಲ," ಎಂದೆ. "ಬೆಚ್ಚಗದಾವ."